ಹನ್ನೊಂದು ನಿಮಿಷದ ತಪ್ಪು

ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವನನ್ನು ಕೆಂಪುಪೆನ್ನು ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಕರಡು ತಿದ್ದಿದವನು. ಯಾರಾದರೂ ಮದುವೆಯ ಕರೆಯೋಲೆ ಕೊಟ್ಟರೆ ಮೊದಲು ಅದರಲ್ಲಿ ಅಕ್ಷರದೋಷ ಹುಡುಕಿ, ಆಮೇಲೆ ಮದುಮಗಳು ಯಾರೆಂದು ಕೇಳುವ ಆಸಾಮಿ. ಅಚ್ಚಿನ ಕಾಲದಲ್ಲಿ ಈ ಕೆಲಸಕ್ಕೆ ಇಬ್ಬರಿದ್ದರು. ಒಬ್ಬ ವರದಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಹೆಸರು ಬಂದರೆ ಎರಡು ಸಲ ಓದಬೇಕು. ಈಗ ಪತ್ರಿಕೆ ತೆಳ್ಳಗಾಗಿ, ಸುದ್ದಿಯೆಲ್ಲ ಮೊದಲು ಫೋನಿಗೆ ಹೋಗುತ್ತಿತ್ತು. ಗಟ್ಟಿಯಾಗಿ ಓದುವವನನ್ನು ಮನೆಗೆ ಕಳಿಸಿ, ಇವನೊಬ್ಬನನ್ನೇ ಪರದೆಯ ಮುಂದೆ ಕೂರಿಸಿದ್ದರು.

ಅಂದು ಬೆಳಿಗ್ಗೆ ಏಳನೇ ನಂಬರಿನ ಬಸ್ಸು ಹರಿದು, ಸೈಕಲ್ಲಿನಲ್ಲಿ ಹೋಗುತ್ತಿದ್ದ ಶಿಕ್ಷಕಿಯೊಬ್ಬರು ತೀರಿಕೊಂಡರು. ಡ್ರೈವರು ಬಸ್ಸು ಬಿಟ್ಟು ಓಡಿಹೋಗಿದ್ದ. ವರದಿಗಾರ ಅವನ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಸುದ್ದಿ ಕಳಿಸಿದ್ದ. ಬೇಗ ಹಾಕಿ, ಬೇಗ ಹಾಕಿ ಎಂದು ಸಂಪಾದಕರು ತಲೆಯ ಮೇಲೆ ಕೂತರು. ಬೆಳಗಿನ ಏಳನೇ ನಂಬರು ಓಡಿಸುವವನು ತನ್ನ ಅಕ್ಕನ ಗಂಡ ಎಂಬುದು ಕೆಂಪುಪೆನ್ನಿಗೆ ಬಾಯಿಪಾಠ. ಮನೆಯವರೆಂದು ಮುಚ್ಚಿಟ್ಟರೆ ತನ್ನ ಇಷ್ಟು ವರ್ಷದ ಪ್ರಾಮಾಣಿಕತೆ ಎಲ್ಲಿ ಉಳಿಯಿತು ಎಂದುಕೊಂಡು, ಭಾವನ ಹೆಸರು ತುಂಬಿದ. ಎಂಥ ಮೂರ್ಖತನ ನೋಡಿ. ಒಂದು ಫೋನ್ ಮಾಡಿ ಕೇಳಬಹುದಿತ್ತು, ಕೇಳಲಿಲ್ಲ.

ಫೋನು ಆ ಕಡೆಯಿಂದಲೇ ಬಂತು. ಅಕ್ಕನದು.

"ಇವರು ನನ್ನ ಪಕ್ಕದಲ್ಲೇ ಕೂತಿದ್ದಾರಲ್ಲೋ," ಎಂದಳು. "ಕಣ್ಣಿನ ಡಾಕ್ಟ್ರ ಹತ್ರ ಬಂದಿದೀವಿ. ಇವತ್ತು ಡ್ಯೂಟಿ ಬದಲಾಯಿಸ್ಕೊಂಡಿದ್ರು. ಎದುರಿಗೆ ಕೂತವರು ಫೋನ್ ನೋಡಿ ಇವರ ಹೆಸರು ಓದ್ತಿದಾರೆ. ನೀನು ಅಲ್ಲೇ ಇರ್ತೀಯಲ್ಲ, ಯಾರು ಹಾಕಿದ್ದು ಅಂತ ನೋಡು."

ನೋಡ್ತೀನಿ ಎಂದ.

ಹನ್ನೊಂದು ನಿಮಿಷದಲ್ಲಿ ಹೆಸರು ತೆಗೆದದ್ದಾಯಿತು. ಪರದೆಯ ಮೇಲೆ ಏನೂ ಆಗಿಲ್ಲವೆಂಬಂತಿತ್ತು. ಆದರೆ ಅಷ್ಟರಲ್ಲಿ ಯಾರೋ ಹೆಸರಿದ್ದ ಸುದ್ದಿಯ ಫೋಟೊ ತೆಗೆದು ಊರಿಗೆಲ್ಲ ಹಂಚಿದ್ದರು. ಕೆಂಪುಪೆನ್ನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಊಟದ ತಟ್ಟೆಯ ಪಕ್ಕ ಫೋನು, ಸ್ನಾನದ ಮನೆಯ ಗೂಡಿನಲ್ಲಿ ಫೋನು. ತಿದ್ದಿದ ಸುದ್ದಿಯನ್ನೇ ಮತ್ತೆ ಮತ್ತೆ ತೆರೆದು, ಹೆಸರು ಎದ್ದು ಬಂದಿಲ್ಲ ತಾನೇ ಎಂದು ನೋಡುತ್ತಿದ್ದ. ಮರುದಿನ ಭಾವನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ ಇಬ್ಬರು ಬಸ್ಸಿನಿಂದ ಇಳಿದುಹೋದರಂತೆ. ಅಕ್ಕ ಅದನ್ನು ಹೇಳಿ, ಹೆಸರು ಹಾಕಿದವನು ಸಿಕ್ಕಿದನಾ ಎಂದು ಮತ್ತೆ ಕೇಳಿದಳು. ಇವನು ಇನ್ನೂ ಇಲ್ಲ ಎಂದ.

ಅಚ್ಚಿನಲ್ಲಿ ತಿದ್ದುಪಡಿ ಹಾಕಿ ಎಂದು ಸಂಪಾದಕರ ಬೆನ್ನು ಹತ್ತಿದ. ಅಚ್ಚಿನಲ್ಲಿ ಬರದೇ ಇದ್ದದ್ದಕ್ಕೆ ಅಚ್ಚಿನಲ್ಲಿ ಎಂಥ ತಿದ್ದುಪಡಿ ಎಂದು ಅವರು ನಕ್ಕರು. ಕಾಗದದ ಮೇಲಿದ್ದರೆ ಕೈಯಲ್ಲಿ ಹಿಡಿದು ತೋರಿಸಬಹುದು ಎಂದು ಇವನು ಗೋಗರೆದ. ಅಂತೂ ಮೂರನೆಯ ದಿನ ನಾಲ್ಕನೇ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಆ ಹೆಸರಿನ ಡ್ರೈವರು ನಿರ್ದೋಷಿ, ಪ್ರಮಾದಕ್ಕೆ ವಿಷಾದಿಸುತ್ತೇವೆ. ಪ್ರಮಾದ ಯಾರದೆಂದು ಇರಲಿಲ್ಲ. ಅದರ ಕರಡನ್ನೂ ಇವನೇ ನೋಡಿದ್ದ.

ಅಂದು ಕಚೇರಿಗೆ ಹೋಗಲು ಏಳನೇ ನಂಬರು ಹತ್ತಿದ. ಭಾವ ಆ ನಾಲ್ಕು ಸಾಲನ್ನು ಕತ್ತರಿಸಿ, ಸೀಟಿನ ಹಿಂದಿನ ಗಾಜಿಗೆ ಅಂಟಿಸಿದ್ದ. ಹತ್ತಿದವರೆಲ್ಲ ಬಗ್ಗಿ ಓದಿ, ಭಾವನ ಮುಖ ನೋಡಿ, ಕೂರುತ್ತಿದ್ದರು. ಮುದುಕರೊಬ್ಬರು, ಯಾವನಪ್ಪ ಹೀಗೆ ಹಾಕಿದ್ದು ಎಂದು ಕೇಳಿದರು.

"ಇವನೇ ನನ್ನ ಬಾಮೈದ, ಅಲ್ಲೇ ಕೆಲಸ," ಎಂದ ಭಾವ ಹೆಮ್ಮೆಯಿಂದ, ಕನ್ನಡಿಯಲ್ಲಿ ಇವನತ್ತ ನೋಡಿ. "ಹುಡುಕ್ತಿದಾನೆ. ಇವನು ಕೈಗೆತ್ಕೊಂಡ ಮೇಲೆ ಬಿಡಲ್ಲ."

ಬಸ್ಸು ಸ್ಟಾಪಿನಲ್ಲಿ ನಿಂತಿತು. ಕೆಂಪುಪೆನ್ನು ಮೇಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಭಾವ, ಹಾಕಿದ್ದು ನಾನೇ."

ಹತ್ತುವವರು ಹತ್ತಿದರು, ಇಳಿಯುವವರು ಇಳಿದರು. ಬಸ್ಸು ಹೊರಡಲಿಲ್ಲ. ಹಿಂದಿನ ಗಾಡಿಯವನು ಹಾರನ್ ಬಾರಿಸಿದ. ಭಾವ ತಿರುಗಿ ನೋಡಲಿಲ್ಲ, ಕೈ ಮಾತ್ರ ಗೇರಿನ ಮೇಲಿತ್ತು.

"ಹೆಸರು ಬಂದ್ರೆ ಎರಡು ಸಲ ಓದ್ತೀವಿ ಅಂತಿದ್ದೆಯಲ್ಲೋ," ಎಂದು ಮೆಲ್ಲಗೆ ಹೇಳಿ, ಬಸ್ಸು ಎತ್ತಿದ.