ಬಚ್ಚಲಿನ ಚಿಲಕ

ಪಪ್ಪ ಚಹಾ ಕುಡಿಯುತ್ತಿದ್ದರು. ಲೋಟ ಕೈಯಿಂದ ಜಾರಿತು. ಕುತ್ತಿಗೆ ಸೆಟೆದುಕೊಂಡಿತು, ಕೈಕಾಲು ಅದುರತೊಡಗಿದವು.

ಆಸ್ಪತ್ರೆಯಲ್ಲಿ ಎಂಆರ್‌ಐ ಆಯಿತು, ಇಇಜಿ ಆಯಿತು. ನ್ಯೂರಾಲಜಿಸ್ಟ್ ಕೇಳಿದರು, "ನಿಮ್ಮ ಅಣ್ಣ ತಮ್ಮಂದಿರಲ್ಲಿ ಯಾರಿಗಾದ್ರೂ ಫಿಟ್ಸ್ ಉಂಟಾ?"

"ನಾನು ಒಬ್ಬನೇ ಮಗ," ಎಂದರು ಪಪ್ಪ. ನನ್ನ ಮುಖ ನೋಡಲಿಲ್ಲ.

ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿತು.

ಅವರ ಮೇಲೆ ನನಗೆ ಅನುಮಾನ ಹೊಸತಲ್ಲ. ಶಕ್ತಿನಗರದ ನಮ್ಮ ಮನೆಯ ಬಚ್ಚಲಿಗೆ ಒಳಗಿನಿಂದ ಚಿಲಕವೇ ಇರಲಿಲ್ಲ. ಅಮ್ಮ ಒಮ್ಮೆ ಹಾಕಿಸಿದ್ದನ್ನು ಪಪ್ಪ ಕಿತ್ತು ಬಿಸಾಡಿದ್ದರು. ದೊಡ್ಡವಳಾದ ಮೇಲೂ ನಾನು ಬಾಗಿಲಿಗೆ ನೀರು ತುಂಬಿದ ಬಕೆಟ್ ಒತ್ತಿಟ್ಟು ಸ್ನಾನ ಮಾಡಿದವಳು. ಸ್ವಲ್ಪ ತಡವಾದರೆ ಹೊರಗಿನಿಂದ ಅವರ ಸ್ವರ: "ಎಂತ ಮಾಡ್ತಿ? ಮಾತಾಡು!" ಎಂಥ ಅಪ್ಪ ಇವರು ಎಂದು ಹೇಸಿದ್ದೇನೆ. ಯಾರಲ್ಲೂ ಹೇಳಲಾಗದ ಸಂಶಯವೊಂದು ಒಳಗೆ ಕೂತುಬಿಟ್ಟಿತ್ತು. ಕೆಲಸ ಸಿಕ್ಕಿದ ವಾರವೇ ಎರಡು ಚಿಲಕ ಹಾಕಿಸಿದೆ. ಅವರು ತಿಂಗಳುಗಟ್ಟಲೆ ಮಾತು ಬಿಟ್ಟರು.

ಇನ್ನೊಂದು ಸಂಗತಿ. ದೀಪಾವಳಿಗೆ ನಮ್ಮಲ್ಲಿ ತೀರಿಹೋದವರಿಗೆ ಬಾಳೆಲೆಯಲ್ಲಿ ಬಡಿಸುವ ಕ್ರಮವಿದೆ. ಅಜ್ಜನಿಗೆ, ಅಜ್ಜಿಗೆ, ಈಗ ಅಮ್ಮನಿಗೆ. ಪಪ್ಪ ಯಾವಾಗಲೂ ಒಂದು ಎಲೆ ಹೆಚ್ಚು ಹಾಕುತ್ತಾರೆ, ಚಿಕ್ಕದು. ಯಾರಿಗೆಂದು ಕೇಳಿದರೆ ರೇಗುತ್ತಾರೆ.

ವಾರ್ಡಿನಲ್ಲಿ ನೇರವಾಗಿಯೇ ಕೇಳಿದೆ. "ಆ ಸಣ್ಣ ಎಲೆ ಯಾರಿಗೆ ಪಪ್ಪ? ಡಾಕ್ಟರಿಗೆ ಸುಳ್ಳು ಹೇಳಿದ್ರೆ ಅವರು ಮದ್ದು ಹೇಗೆ ಕೊಡೋದು?"

ಪಪ್ಪ ಹೊದಿಕೆ ಸರಿಸಿ ಎದ್ದು ಕೂತರು.

"ನನ್ನ ತಮ್ಮನಿಗೆ. ಸುಂದರ ಅಂತ. ಅವನಿಗೆ ಫಿಟ್ಸ್ ಇತ್ತು. ಸ್ನಾನಕ್ಕೆ ಹೋದವ ಚಿಲಕ ಹಾಕಿಕೊಂಡ. ಚೆಂಬು ಬಿದ್ದ ಸದ್ದು ಕೇಳಿತು. ನಾನು ಹೊರಗೇ ಇದ್ದೆ ಮಗಾ. ಆಟ ಆಡ್ತಾನೆ ಅಂತ ಗ್ರಹಿಸಿದೆ. ಬಾಗಿಲು ಒಡೆಯುವಾಗ ಜೀವ ಇರ್ಲಿಲ್ಲ."

"ನನ್ನ ಹತ್ರ ಯಾಕೆ ಹೇಳಿಲ್ಲ?"

"ನಿನಗೂ ಬಂದ್ರೆ ಅಂತ ಹೆದರಿಕೆ. ಮನೆಯಲ್ಲಿ ಫಿಟ್ಸ್ ಉಂಟು ಅಂತ ಗೊತ್ತಾದ್ರೆ ನಿನಗೆ ಸಂಬಂಧ ಯಾರು ತರ್ತಾರೆ?"

ನನಗೀಗ ನಲವತ್ತೆರಡು. ಸಂಬಂಧ ತರುವವರು ದಾರಿ ಮರೆತು ಎಷ್ಟೋ ವರ್ಷವಾಯಿತು.

ಆಗಲೂ ನಾನು ಅವರನ್ನು ಪೂರ್ತಿ ನಂಬಲಿಲ್ಲ. ಇದೂ ಒಂದು ಕತೆಯೇ ಇರಬಹುದು ಎಂದು ಮನಸ್ಸು ಹುಡುಕುತ್ತಿತ್ತು. ಅನುಮಾನ ಅಭ್ಯಾಸವಾಗಿ ಹೋದರೆ ಹೀಗೆ. ಆಮೇಲೆ ನೆನಪಾಯಿತು. ಬಚ್ಚಲೊಳಗಿನಿಂದ ನಾನು "ಹಾಂ" ಎಂದ ಕೂಡಲೇ ಅವರ ಹೆಜ್ಜೆ ದೂರ ಹೋಗುತ್ತಿತ್ತು. ಪ್ರತಿ ಸಲವೂ. ಒಂದು ದಿನವೂ ಅವರು ಬಾಗಿಲು ಮುಟ್ಟಿದ್ದಿಲ್ಲ.

ಆಸ್ಪತ್ರೆಯ ಟಾಯ್ಲೆಟ್ಟಿಗೆ ಹೋಗಿ ಅತ್ತೆ. ಚಿಲಕ ಹಾಕಿಕೊಂಡೇ ಅತ್ತೆ.

ಮರುದಿನ ಡಾಕ್ಟರಿಗೆ ಸುಂದರನ ವಿಷಯ ಪಪ್ಪನೇ ಹೇಳಿದರು. ಮಾತ್ರೆ ಹಿಡಿದಿದೆ. ಮತ್ತೆ ಫಿಟ್ಸ್ ಬಂದಿಲ್ಲ, ಸದ್ಯಕ್ಕೆ ಅಷ್ಟು ಸಾಕು. ಡಿಸ್ಚಾರ್ಜ್ ಆಗಿ ಬಂದ ದಿನವೇ ಸ್ಕ್ರೂಡ್ರೈವರ್ ಹಿಡಿದು ಎರಡೂ ಚಿಲಕ ಬಿಚ್ಚಿದೆ. ಪಪ್ಪ ನೋಡಿದರು. ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ನಾನು ಹೊರಗೆ ಸ್ಟೂಲ್ ಹಾಕಿ ಕೂತೆ. ನೀರಿನ ಸದ್ದು ನಿಂತಿತು.

"ಪಪ್ಪಾ, ಎಂತ ಮಾಡ್ತೀರಿ? ಮಾತಾಡಿ!"

"ಹಾಂ," ಎಂದರು.

ನಾನು ಎದ್ದು ದೂರ ಹೋದೆ.