ಜಗದೇವನ ಮೈಗೆ ಹೊಂದಿದ ಅಂಗಿ

ಸೋಮವಾರ ಮಹಾನಂದಾ ಹನ್ನೆರಡು ರೊಟ್ಟಿ ಬಡಿದಳು. ಗಂಡ ಜಗದೇವ ಏಳು ತಿಂದ. ಪುಂಡಿಪಲ್ಯಕ್ಕೆ ಉಪ್ಪು ಕಡಿಮೆ ಎಂದ. ತಿಂದು ಎದ್ದು ಎಮ್ಮೆಯನ್ನು ಅಂಗಳದ ಗೂಟಕ್ಕೆ ಕಟ್ಟಿದ. ತುದಿ ಹಿಡಿದು ಎಳೆದರೆ ಬಿಚ್ಚುವಂಥ ಗಂಟು. ಅದಕ್ಕೆ ಅವಳು ದಿನವೂ ಬೈಯುತ್ತಿದ್ದಳು.

"ಇಂಥಾ ಗಂಟಿಗೆ ಎಮ್ಮಿ ನಿಲ್ತದೇನ್ರಿ?"

"ನಾವು ಹೊಳೀ ಮಂದಿ ಬೇ. ನಮ್ಮ ಕೈಗೆ ಇದೊಂದೇ ಗಂಟು ಬರ್ತದ."

ಅವನು ಆಚೆ ಹೋದ ಮೇಲೆ ಅವಳು ಅದನ್ನು ಬಿಚ್ಚಿ, ಒಂದರ ಮೇಲೊಂದು ಮೂರು ಗಂಟು ಬಿಗಿದಳು. ಇದೂ ದಿನದ್ದೇ.

ತಂತಿಯ ಮೇಲೆ ಅವನ ರಬ್ಬರ್ ಅಂಗಿ ಒಣಗುತ್ತಿತ್ತು. ಕುತ್ತಿಗೆಯಿಂದ ಹಿಮ್ಮಡದವರೆಗೆ ಒಂದೇ ತುಂಡು. ಕಪ್ಪು. ಗಾಳಿ ಬಂದಾಗ ಕೈಕಾಲು ಆಡಿಸುತ್ತಿತ್ತು. ತಲೆ ಮಾತ್ರ ಇರಲಿಲ್ಲ.

"ಅದನ್ನ ಇಳಸ್ ಬೇ," ಎಂದಳು ಅತ್ತೆ ಮಲ್ಕಮ್ಮ. "ಯಾರೋ ಉರ್ಲು ಹಾಕ್ಕೊಂಡಂಗ ಕಾಣ್ತದ."

"ಇನ್ನಾ ಒಣಗಿಲ್ರಿ ಅತ್ತಿ."

"ಒಣಗದಿದ್ರ ಬಿಡು. ಇಳಸು."

ಮಹಾನಂದಾ ಇಳಿಸಲಿಲ್ಲ. ಹಸಿಯದನ್ನು ಮಡಚಿಟ್ಟರೆ ನಾರುತ್ತದೆ. ಆ ದಿನ ಆದದ್ದು ಇಷ್ಟೇ.

ಜಗದೇವ ಭೀಮಾ ಹೊಳೆಯ ದಂಡೆಯವನು, ಅಫಜಲಪುರದ ಕಡೆಯ ಊರು. ಮಳೆಗಾಲ ಮುಗಿದು ಬ್ಯಾರೇಜಿನ ಗೇಟು ಇಳಿಸಿದಾಗ ಕೆಳಗೆ ಮರದ ದಿಮ್ಮಿ, ಕಲ್ಲು ಸಿಕ್ಕಿಕೊಳ್ಳುತ್ತವೆ. ಸಂದಿಯಿಂದ ನೀರು ಸೋರುತ್ತದೆ. ಮುಳುಗಿ, ಕೈಯಾಡಿಸಿ ಹುಡುಕಿ, ಅದನ್ನು ಕೀಳುವುದು ಅವನ ಕೆಲಸ. ಅವನಪ್ಪನದೂ ಅದೇ ಕೆಲಸ. ಅಪ್ಪನಂತೆ ಜಗದೇವನೂ ಹಗ್ಗ ಕಟ್ಟಿದ ದೊಡ್ಡ ಕಲ್ಲನ್ನು ತಬ್ಬಿಕೊಂಡು ಧುಮುಕುತ್ತಿದ್ದ. ಕಲ್ಲು ಅವನನ್ನು ತಳಕ್ಕೆ ಒಯ್ಯುತ್ತಿತ್ತು. ಉಸಿರು ಸಾಲದಾದಾಗ ಕಲ್ಲು ಬಿಟ್ಟರೆ ಸಾಕು, ಮೇಲೆ ಬರುತ್ತಿದ್ದ. ದಂಡೆಯಲ್ಲಿ ಗೆಳೆಯ ಅರ್ಬಾಜ ಕಲ್ಲನ್ನು ಮೇಲೆ ಎಳೆದುಕೊಳ್ಳುತ್ತಿದ್ದ. ಮೈಮೇಲೆ ಒಂದು ಲಂಗೋಟಿ, ಅಷ್ಟೇ.

ಜಗದೇವನ ಮೈಯೇ ಒಂದು ನಮೂನೆ. ಎದೆ ಜೋಳ ತುಂಬಿಡುವ ಗುಮ್ಮಿಯಂತೆ. ಕೈ ಮೊಣಕಾಲು ಮುಟ್ಟುತ್ತಿದ್ದವು. ಕಾಲು ಮಾತ್ರ ಎರಡೇ ಗೇಣು. ಪಂಕ್ತಿಯಲ್ಲಿ ಕೂತರೆ ಎಲ್ಲರಿಗಿಂತ ಎತ್ತರ, ಎದ್ದು ನಿಂತರೆ ಎಲ್ಲರಿಗಿಂತ ಗಿಡ್ಡ. ಹೆಣ್ಣು ನೋಡಲು ನಿಂಬರ್ಗಾಕ್ಕೆ ಬಂದಾಗ ಕಂಬಳಿಯ ಮೇಲೆ ಕೂತಿದ್ದ. ಮಹಾನಂದಾಳ ಅಪ್ಪ, ಆಳು ಭಾರೀ ಅದಾನ ಎಂದು ಹಿಗ್ಗಿದ. ಹೊರಡಲು ಎದ್ದಾಗ ಅವಳ ಸೋದರತ್ತೆ ಸೆರಗು ಬಾಯಿಗಿಟ್ಟುಕೊಂಡಳು. ಅಷ್ಟೊತ್ತಿಗೆ ಸಕ್ಕರೆ ಹಂಚಿಯಾಗಿತ್ತು.

ನಿಂಬರ್ಗಾದಲ್ಲಿ ಹೊಳೆಯಿಲ್ಲ, ಬಾವಿಗಳಿವೆ. ಅವಳಪ್ಪ ಬಾವಿಗಿಳಿದು ಹೂಳು ತೆಗೆಯುವವನು. ಅವನ ಸೊಂಟಕ್ಕೆ ಹಗ್ಗ ಕಟ್ಟುವುದು ಚಿಕ್ಕಂದಿನಿಂದ ಅವಳ ಕೆಲಸ. ಒಂದರ ಮೇಲೊಂದು ಮೂರು ಗಂಟು. ಗಂಟು ಬಿಚ್ಚಿದರೆ ಅಪ್ಪ ಹೋದ. ಅವಳ ಕೈ ಕಲಿತದ್ದು ಅದನ್ನು.

ಹೋದ ವರ್ಷ ಗುತ್ತೇದಾರನಿಗೆ ಮೇಲಿನಿಂದ ಕಾಗದ ಬಂತು. ರಬ್ಬರ್ ಸೂಟಿಲ್ಲದೆ ಯಾರನ್ನೂ ನೀರಿಗೆ ಇಳಿಸಬಾರದು. ಸೂಟು ಮೈಗೆ ಬಾರದಿದ್ದರೆ ಜಗದೇವನಿಗೆ ಹೊಳೆಯಿಲ್ಲ. ಹೊಳೆಯ ಕೆಲಸ ಬಿಟ್ಟು ಅವನಿಗೆ ಬೇರೇನೂ ಬರುತ್ತಿರಲಿಲ್ಲ.

ಮುಂಬಯಿಯಿಂದ ಮೊದಲು ಬಂದ ಸೂಟು ಎದೆಯ ಹತ್ತಿರವೇ ನಿಂತಿತು. ಅದಕ್ಕಿಂತ ದೊಡ್ಡದು ತರಿಸಿದರು. ಎದೆ ಹೇಗೋ ಹೊಕ್ಕಿತು. ತೋಳು ಮೊಣಕೈಯ ಕೆಳಗೇ ಮುಗಿಯಿತು. ಕಾಲಲ್ಲಿ ರಬ್ಬರು ಮಡಿಕೆ ಮಡಿಕೆಯಾಗಿ ಕೂತಿತು. ಅಫಜಲಪುರದ ದರ್ಜಿ ಪೀರಸಾಬ ಟೇಪು ಹಿಡಿದು ಎರಡು ಸಲ ಅಳೆದ. ಎರಡನೆಯ ಸಲ ಟೇಪನ್ನೇ ತಿರುಗಿಸಿ ನೋಡಿದ.

"ನಲವತ್ತು ವರ್ಷ ಆತು ಹೊಲಿಯಾಕತ್ತಿ. ಇಂಥಾ ಮೈಯಿ ನೋಡಿಲ್ಲಪಾ. ಮತ್ತ, ಸೂಜಿ ಚುಚ್ಚಿದಲ್ಲೆಲ್ಲ ನೀರು ಬರ್ತದ. ಇದು ದರ್ಜಿ ಕೆಲಸ ಅಲ್ಲ, ಪಂಕ್ಚರ್ ಕೆಲಸ. ಆಳಂದಕ್ಕ ಹೋಗು, ಅಬ್ದುಲ್ ಗನಿ ಕಡೆ."

ಆಳಂದದಲ್ಲಿ ಅಬ್ದುಲ್ ಗನಿ ಲಾರಿ ಟ್ಯೂಬಿಗೆ ತೇಪೆ ಹಾಕುವವನು. ಗಂಡಹೆಂಡತಿ ಇಬ್ಬರೂ ಹೋದರು. ಗನಿ ಸೂಟಿನ ಕಾಲು ಕತ್ತರಿಸಿ ಆ ತುಂಡನ್ನು ತೋಳಿಗೆ ಅಂಟಿಸಿದ. ಎದೆಯನ್ನು ಸೀಳಿ ನಡುವೆ ಲಾರಿ ಟ್ಯೂಬಿನ ಪಟ್ಟಿ ಕೂಡಿಸಿದ.

"ಕಾಲಿಂದು ತಗದು ಕೈಗೆ ಹಾಕೇನಿ. ಯಾರನ್ನರ ಒದೀಬೇಕಂದ್ರ ಇನ್ನ ಕೈಲೇ ಒದಿ," ಎಂದ.

ಜಗದೇವ ಹೊಟ್ಟೆ ಕುಣಿಸಿ ನಕ್ಕ. ಮಹಾನಂದಾಳಿಗೆ ನಗು ಬರಲಿಲ್ಲ. ಗನಿಯ ಬಾಗಿಲಲ್ಲಿ ಅಂಗಿ ಮಲಗಿತ್ತು, ಎದೆಯ ಮೇಲೆ ಉದ್ದಕ್ಕೆ ಹೊಲಿದಂಥ ಗೆರೆ. ಸರಕಾರಿ ದವಾಖಾನೆಯಲ್ಲಿ ಕೊಯ್ದು ಹೊಲಿದು ಕೊಡುವ ಹೆಣದ ಮೇಲೆ ಅಂಥ ಗೆರೆ ಇರುತ್ತದೆ.

ಅಂಗಿ ಮೈಗೆ ಬಂತು. ಬೇರೊಂದು ತೊಡಕು ಹುಟ್ಟಿತು. ಅದನ್ನು ಹಾಕಿದವನು ಮುಳುಗುವುದಿಲ್ಲ. ಮೊದಲ ದಿನ ಜಗದೇವ ಕಲ್ಲು ಬಿಟ್ಟ ಕೂಡಲೇ ಸೋರೆಬುರುಡೆಯಂತೆ ಮೇಲೆ ಬಂದು ತೇಲಿದ. ದಂಡೆಯವರೆಲ್ಲ ನಕ್ಕರು. ಅದಕ್ಕೆಂದೇ ಸೀಸದ ತುಂಡುಗಳ ಬೆಲ್ಟು ಕೊಟ್ಟಿದ್ದರು. ಬಕ್ಕಲ್ ಎಳೆದರೆ ಬೆಲ್ಟು ಕಳಚಿ ಬೀಳುತ್ತದೆ, ಮನುಷ್ಯ ಮೇಲೆ ಬರುತ್ತಾನೆ. ಆದರೆ ಬೆಲ್ಟು ಅವನ ಸೊಂಟಕ್ಕೆ ಒಂದು ಗೇಣು ಸಾಲಲಿಲ್ಲ, ಬಕ್ಕಲ್ ಕೂಡಲಿಲ್ಲ. ಅರ್ಬಾಜ ನೂಲಿನ ಹಗ್ಗದಿಂದ ಎರಡು ತುದಿ ಕೂಡಿಸಿ ಕಟ್ಟುತ್ತಿದ್ದ. ಕಲ್ಲೂ ಬೇಡವಾಯಿತು, ಕಲ್ಲಿನ ಹಗ್ಗವೂ ಬೇಡವಾಯಿತು. ನಾಲ್ಕು ಸಲ ಹಾಗೆ ಮುಳುಗಿ ಬಂದ.

ಮಂಗಳವಾರ ಬೆಳಿಗ್ಗೆ ಜೇವರ್ಗಿ ಕಡೆಯ ಬ್ಯಾರೇಜಿನಿಂದ ಫೋನು ಬಂತು. ಅರ್ಬಾಜ ಊರಲ್ಲಿರಲಿಲ್ಲ, ಹೆಂಡತಿಯ ತಮ್ಮನ ಮದುವೆಗೆ ಯಡ್ರಾಮಿಗೆ ಹೋಗಿದ್ದ. ಆ ಅಂಗಿ ಒಬ್ಬನೇ ಹಾಕಿಕೊಳ್ಳುವಂಥದಲ್ಲ.

"ನೀನೇ ಬಾ," ಎಂದ ಜಗದೇವ.

"ಇವತ್ತ ಮಂಗಳವಾರ," ಎಂದಳು ಮಲ್ಕಮ್ಮ.

"ಗೇಟಿಗೆ ವಾರ ಗೊತ್ತಿಲ್ಲ ಯವ್ವಾ."

ಗಾಡಿಯ ಮೇಲೆ ಇಬ್ಬರ ನಡುವೆ ಗೋಣಿಚೀಲದಲ್ಲಿ ಅಂಗಿ ಇತ್ತು. ಮೂವರು ಕೂತಂತೆ ಅನಿಸಿತು ಮಹಾನಂದಾಳಿಗೆ. ಅವನು ಮುಳುಗುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಬ್ಯಾರೇಜಿನ ಒಂದು ಕಡೆ ನೀರು ತುಂಬಿ ನಿಂತಿತ್ತು, ಅಲುಗದೆ. ಇನ್ನೊಂದು ಕಡೆ ಬರೀ ಬಂಡೆ. ಗೇಟಿನ ಬುಡದಲ್ಲಿ ಯಾರೋ ಹಲ್ಲು ಕಡಿದಂಥ ಸದ್ದು.

ಸೋಪಿನ ನೊರೆ ಹಚ್ಚಿ, ಎಳೆದು, ಅರ್ಧ ತಾಸು ಬಡಿದಾಡಿ ಅಂಗಿ ಹಾಕಿಸಿದಳು. ಟ್ಯೂಬಿನ ಪಟ್ಟಿ ಗದ್ದಕ್ಕೆ ಒತ್ತುತ್ತಿತ್ತು. ಅವನ ಹೊಟ್ಟೆ ಅವನಿಗೇ ಕಾಣುತ್ತಿರಲಿಲ್ಲ.

"ಹಗ್ಗ ಬಿಗಿ ಬೇ. ಅರ್ಬಾಜ ಬಿಗಿದಂಗ."

ಅರ್ಬಾಜ ಹೇಗೆ ಬಿಗಿಯುತ್ತಾನೆಂದು ಅವಳು ಕಂಡವಳಲ್ಲ. ಕೇಳಬೇಕಿತ್ತು. ಕೇಳಲಿಲ್ಲ. ಕಣ್ಣು ನೀರಿನ ಮೇಲಿತ್ತು. ಕೈ ತನಗೆ ಗೊತ್ತಿದ್ದುದನ್ನು ಮಾಡಿತು.

"ಆತೇನ್?"

"ಆತ್ರಿ. ಗಟ್ಟಿ ಅದ."

ಗುತ್ತೇದಾರನ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಶಾಹಿದ ಮೊಬೈಲು ಹಿಡಿದು ಬಂದ. "ಕಾಕಾ, ಹಿಂಗ ನಿಂದರ್ರಿ. ಸೂಟಿನ ಫೋಟೋ ಮ್ಯಾಲ ಕಳಸಬೇಕು." ಜಗದೇವ ಉದ್ದ ಕೈಗಳನ್ನು ಇಳಿಬಿಟ್ಟು ನಿಂತ. ಫೋಟೋ ತೆಗೆದಾಯಿತು.

"ಕಣ್ಣ ಮುಚ್ಕೋಬ್ಯಾಡ ಮತ್ತ. ಎರಡ ಎಲಿ ಮಡಚಿ ಬಾಯಾಗ ಇಡೂದ್ರಾಗ ಬರ್ತೇನಿ," ಎಂದು ಹೆಂಡತಿಗೆ ಹೇಳಿ ಇಳಿದ.

ಅವಳು ಕಣ್ಣು ಮುಚ್ಚಲಿಲ್ಲ. ಗುಳ್ಳೆ ಬಂದವು. ಕೆಳಗಿನಿಂದ ದಿಮ್ಮಿಯೊಂದು ಕಿತ್ತು ಮೇಲೆ ಬಂತು. ಹಲ್ಲು ಕಡಿಯುವ ಸದ್ದು ನಿಂತಿತು. "ಆತು, ಕೆಲಸ ಆತು," ಎಂದ ಶಾಹಿದ. ಎರಡು ಎಲೆ ಮಡಚುವಷ್ಟು ಹೊತ್ತಾಯಿತು. ನಾಲ್ಕು ಎಲೆಯಷ್ಟಾಯಿತು. ನೀರಿನ ಮೇಲೆ ದಿಮ್ಮಿಯೊಂದೇ ತಿರುಗುತ್ತಿತ್ತು.

ಹರಿಗೋಲಿನವರು ಕೊಕ್ಕೆ ಹಾಕಿ ಎತ್ತಿದಾಗ ಮಧ್ಯಾಹ್ನವಾಗಿತ್ತು. ಅಂಗಿ ಎಲ್ಲೂ ಹರಿದಿರಲಿಲ್ಲ. ಗನಿಯ ತೇಪೆ ಒಂದೂ ಬಿಟ್ಟಿರಲಿಲ್ಲ. ಜಗದೇವನ ಎರಡೂ ಕೈ ಹೊಟ್ಟೆಯ ಮೇಲೆ ಗಂಟಿನಲ್ಲಿ ಸಿಕ್ಕಿದ್ದವು. ಉಗುರು ಕಿತ್ತುಬಂದಿದ್ದವು. ನೀರು ಕುಡಿದ ಹಗ್ಗ ಕಲ್ಲಾಗಿತ್ತು, ಕುಡುಗೋಲಿನಿಂದ ಕೊಯ್ದರು.

ಮೂರನೆಯ ದಿನ ಅರ್ಬಾಜ ಬಂದ. ಮೂಲೆಯಲ್ಲಿ ಕೊಯ್ದ ಹಗ್ಗ ಬಿದ್ದಿತ್ತು. ಎತ್ತಿಕೊಂಡು ಗಂಟನ್ನು ತಿರುಗಿಸಿ ನೋಡಿದ.

"ಯಾರು ಕಟ್ಟಿದ್ರು?"

"ಅವನ ಕೈಲೇ ಅವನೇ ಕಟ್ಕೊಂಡಾನ," ಎಂದಳು ಮಲ್ಕಮ್ಮ, ಬಾಗಿಲ ಕಡೆ ಮುಖ ಮಾಡಿ.

"ನಾ ಕಟ್ಟೇನಿ ಅಣ್ಣಾ," ಎಂದಳು ಮಹಾನಂದಾ. "ನಮ್ಮ ಕಡೆ ಬಾವಿಗೆ ಹಿಂಗೇ ಕಟ್ತಾರ."

ಅರ್ಬಾಜ ಹಗ್ಗ ಕೆಳಗಿಡಲು ಬಾಗಿದ. ಅವಳೇ ಕೇಳಿದಳು.

"ನೀ ಹೆಂಗ ಕಟ್ತಿದ್ದಿ?"

"ಬ್ಯಾಡ ವೈನಿ."

"ತೋರ್ಸು."

ಅವನು ಮನೆಯ ಕಂಬಕ್ಕೆ ಬೇರೊಂದು ಹಗ್ಗ ಸುತ್ತಿ ಕಟ್ಟಿದ. ತುದಿ ಎಳೆದ. ಬಿಚ್ಚಿತು. ಅವಳು ಆ ಗಂಟನ್ನು ಎಮ್ಮೆಯ ಗೂಟದಲ್ಲಿ ದಿನಾ ಬೆಳಿಗ್ಗೆ ಕಂಡಿದ್ದಳು. ದಿನಾ ಬೈದಿದ್ದಳು.

ಗೋಡೆಗೆ ಹಾಕಲು ಬೇರೆ ಫೋಟೋ ಇರಲಿಲ್ಲ. ಶಾಹಿದ ತೆಗೆದದ್ದನ್ನೇ ದೊಡ್ಡದು ಮಾಡಿಸಿದರು. ಕಟ್ಟು ಹಾಕಿಸುವಾಗ ಮಲ್ಕಮ್ಮ, "ಎದಿ ತನಕ ಸಾಕು," ಎಂದು ಗಂಟಿದ್ದ ಕೆಳಗಿನ ಭಾಗವನ್ನು ತೆಗೆಸಿದಳು.

ಈಗ ಎಮ್ಮೆ ಕಟ್ಟುವುದು ಮಹಾನಂದಾಳ ಕೆಲಸ. ಅದು ಎರಡು ಸಲ ಬಿಚ್ಚಿಕೊಂಡು ಹೋಗಿ ಮಂದಿಯ ತೊಗರಿ ಮೇಯ್ದಿದೆ. ಅವರು ಬೈದರು, ಅವಳು ಬೈಸಿಕೊಂಡಳು. ಬೆಳಗಾದ ಕೂಡಲೇ ಹಗ್ಗವನ್ನು ಬಕೆಟ್ಟಿನ ನೀರಲ್ಲಿ ನೆನೆಸುತ್ತಾಳೆ. ಗೂಟಕ್ಕೆ ಸುತ್ತಿ ಕಟ್ಟುತ್ತಾಳೆ. ಕಣ್ಣು ಮುಚ್ಚಿ, ಉಸಿರು ಹಿಡಿದು, ಒಂದೇ ಕೈಯಿಂದ ತುದಿ ಎಳೆಯುತ್ತಾಳೆ. ಬಿಚ್ಚುತ್ತದೆ. ಮತ್ತೆ ಕಟ್ಟಿ ಒಳಗೆ ಹೋಗುತ್ತಾಳೆ.