ಸೀಟಿನ ಅಡಿಯ ಹಳದಿ ಬರಹ

ನಮ್ಮೂರ ಸುತ್ತ ಯಾರ ಕೊಟ್ಟಿಗೆಯಲ್ಲಿ ಹಳೆಯ ಹಾರ್ಟ್‌ವಿಗ್ ಟ್ರ್ಯಾಕ್ಟರ್ ಸಿಕ್ಕರೂ ಅದು ಮೊದಲು ಬರುತ್ತಿದ್ದುದು ಎಲ್ರಾಯ್ ಸ್ಟೂಬ್ಸ್‌ನ ಶೆಡ್ಡಿಗೆ. ಹೊಲ ಉಳುವ ಟ್ರ್ಯಾಕ್ಟರ್ ಅಲ್ಲ, ಮನೆಯಂಗಳದ ಹುಲ್ಲು ಕತ್ತರಿಸಲು ಮಾಡಿದ, ಕರುವಿನಷ್ಟು ಎತ್ತರದ ಗಾಡಿ. ಅದನ್ನು ತಯಾರಿಸುತ್ತಿದ್ದ ಕಾರ್ಖಾನೆ ನಮ್ಮೂರಲ್ಲೇ ಇತ್ತು. ಈಗ ಅಲ್ಲಿ ಒಂದು ಬೀಗವಿದೆ, ಮಿಕ್ಕಿದ್ದೆಲ್ಲ ಪಾರಿವಾಳಗಳದ್ದು. ಎಲ್ರಾಯ್ ಅಲ್ಲಿ ಇಪ್ಪತ್ತೆಂಟು ವರ್ಷ ಎಂಜಿನ್ ಕೂರಿಸಿದ. ನಾನು, ಆರ್ಡಿಸ್, ಕೊನೆಯ ಸಾಲಿನಲ್ಲಿ ಸೀಟು ಬಿಗಿಯುತ್ತಿದ್ದೆ. ನನ್ನ ಪಕ್ಕದಲ್ಲಿ ನಿಂತು ಗಾಡಿ ಪರೀಕ್ಷಿಸಿ, ಹದಿನಾಲ್ಕು ಎಂಬ ತನ್ನ ಅಂಕಿ ಒತ್ತುತ್ತಿದ್ದವಳು ಅವನ ಹೆಂಡತಿ ಮಾರ್ಸೆಲ.

ಗಾಡಿಯ ಗುರುತು ಹಿಡಿಯುವುದರಲ್ಲಿ ಎಲ್ರಾಯ್‌ನನ್ನು ಮೀರಿಸಿದವರಿಲ್ಲ. ಬಾನೆಟ್ಟಿನ ಚಿಲಕ ಎಡಕ್ಕಿದ್ದರೆ ಅರವತ್ತನಾಲ್ಕನೇ ಇಸವಿಯದು, ನಡುವಿಗೆ ಬಂದಿದ್ದರೆ ಅರವತ್ತೈದರದು ಎಂದು ದೂರದಿಂದಲೇ ಹೇಳುತ್ತಿದ್ದ. ಒಮ್ಮೆ ಪಕ್ಕದೂರಿನವನೊಬ್ಬ, ಅರವತ್ತಮೂರರ ಅಪ್ಪಟ ಗಾಡಿ ಎಂದು ಎದೆಯುಬ್ಬಿಸಿಕೊಂಡು ಒಂದನ್ನು ತಂದಿಳಿಸಿದ. ಎಲ್ರಾಯ್ ಒಂದು ಸುತ್ತು ಹಾಕಿದ.

“ಬಾನೆಟ್ ಅರವತ್ಮೂರರದ್ದೇ. ಗಾಲಿ ಅಚ್ಚು ಅರವತ್ತೇಳರದ್ದು. ಎಂಜಿನ್ ಯಾವ್ದೋ ನೀರೆತ್ತೋ ಪಂಪಿಂದು. ಸೀಟು ನಿಮ್ಮತ್ತೆ ಮನೇದಾ?”

ಪೂರ್ತಿ ಖಚಿತವಾಗಬೇಕೆಂದರೆ ಸೀಟನ್ನು ಎತ್ತಿ, ಅದರ ತಗಡಿನ ಅಡಿಯಲ್ಲಿ ಒತ್ತಿದ ನಂಬರನ್ನು ಓದಬೇಕು. ವರ್ಷ, ತಿಂಗಳು, ಕೊನೆಗೆ ಪರೀಕ್ಷಿಸಿದವರ ಅಂಕಿ ಅಲ್ಲಿರುತ್ತವೆ. ಇದನ್ನೆಲ್ಲ ಎಲ್ರಾಯ್ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಆಗಸ್ಟಿನಲ್ಲಿ ನಡೆಯುವ ಹಳೆ ಎಂಜಿನ್‌ಗಳ ಪ್ರದರ್ಶನದಲ್ಲಿ ವರ್ಷಾವರ್ಷ ಹಂಚಿದ. ಎಣ್ಣೆ ಬದಲಿಸುವಾಗ ಎಂಜಿನ್ ಬೆಚ್ಚಗಿರಲಿ, ಹಿಮ ಬೀಳುವ ಮುಂಚೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ಎಂಬುದೆಲ್ಲ ಅದರಲ್ಲಿತ್ತು. ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಮೊದಲ ನಿಯಮ: “ಸೀಟು ಎತ್ತಿ. ಅಡಿಯ ಜಿಡ್ಡನ್ನು ಸೀಮೆಎಣ್ಣೆ, ತಂತಿ ಬ್ರಷ್ಷಿನಿಂದ ತಗಡು ಹೊಳೆಯುವವರೆಗೆ ಉಜ್ಜಿ. ನಂಬರ್ ಓದುವುದು ಆಮೇಲೆ.” ಅವನ ಕೈಯಿಂದಲೇ ನಾನೂರು ಸೀಟುಗಳಾದರೂ ಹಾಗೆ ಹೊಳೆದಿರಬೇಕು. ನಮ್ಮ ಕಡೆ ಜನಕ್ಕೆ ಕೊಳೆ ಕಂಡರೆ ಕೈ ಸುಮ್ಮನಿರುವುದಿಲ್ಲ.

ಅರವತ್ತೈದರ ಮಾರ್ಚಿನಲ್ಲಿ ಮಾರ್ಸೆಲಳಿಗೆ ಹೆಣ್ಣು ಮಗುವಾಯಿತು. ಹುಟ್ಟುವಾಗಲೇ ಉಸಿರಿರಲಿಲ್ಲ. ಅವಳು ಆಸ್ಪತ್ರೆಯ ಹಾಸಿಗೆಯಲ್ಲಿರುವಾಗಲೇ ಎಲ್ರಾಯ್ ಮತ್ತು ಪಾದ್ರಿ ಸೇರಿ ಮಣ್ಣು ಮಾಡಿ ಬಂದರು. ಅವಳ ಮುಂದೆ ಮಗುವಿನ ಮಾತೆತ್ತಬೇಡ, ತಾನಾಗಿ ಮರೆಯುತ್ತಾಳೆ ಎಂದು ಡಾಕ್ಟರು ಹೇಳಿದರು. ಎಲ್ರಾಯ್, ಹೇಳಿದ ಮಾತು ಕೇಳುವವನು. ನಲವತ್ತೇಳು ವರ್ಷ ಆ ಮಾತೆತ್ತಲಿಲ್ಲ. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಸ್ಮಶಾನದ ಆ ಪುಟ್ಟ ಕಲ್ಲಿನ ಮೇಲೆ ‘ಸ್ಟೂಬ್ಸ್ ಅವರ ಮಗು, 1965’ ಎಂದಷ್ಟೇ ಇದೆ.

ಮೂರು ವಾರಕ್ಕೇ ಮಾರ್ಸೆಲ ಕೆಲಸಕ್ಕೆ ಮರಳಿದಳು. ಅವಳ ಜೇಬಿನಲ್ಲಿ ತಗಡಿನ ಮೇಲೆ ಗುರುತು ಹಾಕುವ ಹಳದಿ ಮೇಣದ ಪೆನ್ಸಿಲ್ ಇರುತ್ತಿತ್ತು. ನಾನು ಬಿಗಿಯುವ ಮುಂಚೆ ಸೀಟನ್ನು ಮಗುಚಿ, ನಂಬರ್ ಒತ್ತಿ, ಪಕ್ಕದಲ್ಲಿ ಒಂದು ಹೆಸರು ಬರೆಯುತ್ತಿದ್ದಳು. ಮೊದಲ ದಿನ ಯಾರದು ಎಂದು ಕೇಳಿದೆ. “ನಾನು ಅವಳಿಗೆ ಇಟ್ಟಿದ್ದು. ಯಾರಿಗೂ ಹೇಳ್ಬೇಡ ಆರ್ಡಿಸ್, ಎಲ್ರಾಯ್‌ಗಂತೂ ಬೇಡ” ಎಂದಳು. ಆರು ವಾರ ಹಾಗೆ ಬರೆದಳು. ಆಮೇಲೆ ಒಂದು ಸೋಮವಾರ ಬರೆಯಲಿಲ್ಲ, ನಾನೂ ಕೇಳಲಿಲ್ಲ.

ಮಾರ್ಸೆಲ ತೀರಿಕೊಂಡಾಗ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಎಲ್ರಾಯ್ ತಟ್ಟೆಯಲ್ಲಿನ ಹಂದಿಮಾಂಸದ ಸ್ಯಾಂಡ್‌ವಿಚ್ಚನ್ನು ನೋಡುತ್ತಾ ಕೂತಿದ್ದ. “ಆ ಮಗೂಗೆ ಒಂದು ಹೆಸರಾದ್ರೂ ಇಡ್ಬೇಕಿತ್ತು” ಎಂದ. ಅವನ ಬಾಯಿಂದ ಮಗು ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಕೊಟ್ಟ ಮಾತನ್ನು ಸತ್ತವಳ ಜೊತೆಗೇ ಕಳಿಸಿಬಿಡೋಣ ಎನಿಸಿತು. ಸೀಟಿನಡಿಯ ಹಳದಿ ಹೆಸರಿನ ವಿಷಯ ಹೇಳಿಬಿಟ್ಟೆ.

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಹಳದೀನಾ?”

“ಹೂಂ, ಹಳದಿ.”

“ಒಂದೊಂದ್ರಲ್ಲಿ ಹಳದಿ ಇರ್ತಿತ್ತು, ಜಿಡ್ಡಿನ ಕೆಳಗೆ. ಅಂಗಡಿಯವ್ರು ರೇಟ್ ಬರ್ದಿರ್ತಾರೆ ಅಂದ್ಕೊಂಡು ಉಜ್ಜಿಬಿಡ್ತಿದ್ದೆ.” ಆಮೇಲೆ ಕೇಳಿದ: “ಹೆಸರೇನು?”

ನನಗೆ ನೆನಪಿರಲಿಲ್ಲ. ಆರು ವಾರ ಕಣ್ಣೆದುರೇ ಇದ್ದ ಹೆಸರು. ಆ ವಸಂತದಲ್ಲಿ ಊಟದ ಡಬ್ಬಿಗೆ ಏನು ತರುತ್ತಿದ್ದೆ, ಮೇಸ್ತ್ರಿಯ ಬೂಟಿನ ಬಣ್ಣ ಯಾವುದು ಎಂದು ಕೇಳಿ, ಹೇಳುತ್ತೇನೆ. ಈ ಹಾಳು ತಲೆಯಲ್ಲಿ ಬೇಡದ್ದಕ್ಕೆಲ್ಲ ಜಾಗವಿದೆ. ಅದೊಂದು ಜಾರಿಹೋಗಿದೆ. ಅಂದಾಜಿಗೆ ಏನೋ ಒಂದು ಹೇಳಲು ಮನಸ್ಸು ಬರಲಿಲ್ಲ.

ಅಂದಿನಿಂದ ಎಲ್ರಾಯ್‌ಗೆ ಉಳಿದಿದ್ದು ಒಂದೇ ಕೆಲಸ: ಅರವತ್ತೈದರ ವಸಂತದ, ಹದಿನಾಲ್ಕರ ಅಂಕಿಯ, ಯಾರೂ ಉಜ್ಜದ ಸೀಟೊಂದನ್ನು ಹುಡುಕುವುದು. ಹೆಸರು ಸಿಕ್ಕರೆ ಕಲ್ಲಿನ ಮೇಲೆ ಕೆತ್ತಿಸಬೇಕು. ಹಾಳೆ ಹಂಚುವುದನ್ನು ನಿಲ್ಲಿಸಿದ, ಯಾಕೆಂದು ಯಾರಿಗೂ ಹೇಳಲಿಲ್ಲ. ರೈತರ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಮೂರು ವರ್ಷದಲ್ಲಿ ಅಂಥ ಏಳು ಗಾಡಿಗಳ ಸುಳಿವು ಸಿಕ್ಕಿತು. ಐದನ್ನು ಹಿಂದೆ ಅವನೇ ಉಜ್ಜಿದ್ದ. ಒಂದಕ್ಕೆ ಹೊಸ ಬಣ್ಣ ಬಳಿದಾಗಿತ್ತು. ಇನ್ನೊಂದು ಗುಜರಿಗೆ ಹೋಗಿತ್ತು.

ಎಂಟನೆಯದಕ್ಕೆ ಲೈಲ್ ಪ್ಯಾಂಕೋ ಎಂಬವನು ಫೋನ್ ಮಾಡಿದ. ಎಂಬತ್ತು ಮೈಲಿ ದೂರದವನು. ಅಪ್ಪ ಹೊಸದಾಗಿ ಕೊಂಡಿದ್ದಂತೆ, ನಾಲ್ಕು ಬೇಸಿಗೆ ಓಡಿಸಿ ಕೊಟ್ಟಿಗೆಯಲ್ಲಿ ತಾಡಪಾಲು ಹೊದಿಸಿ ನಿಲ್ಲಿಸಿದ್ದಂತೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ನಂಬರ್ ಬರೆದಿತ್ತು, ಓದಿ ಹೇಳಿದ. ಏಪ್ರಿಲ್ ಅರವತ್ತೈದು, ಕೊನೆಯಲ್ಲಿ ಹದಿನಾಲ್ಕು. ಶನಿವಾರ ಬರುತ್ತೇನೆ ಎಂದು ಎಲ್ರಾಯ್ ಫೋನಿಟ್ಟ.

“ಮುಟ್ಬೇಡ ಅಂತ ಹೇಳ್ದ್ಯಾ?” ಎಂದು ಕೇಳಿದೆ.

“ಅವ್ರ ಗಾಡಿ. ಅವ್ರಿಗೆ ನಾನು ಹೆಂಗ್ ಹೇಳ್ಲಿ? ಐವತ್ತು ವರ್ಷ ಮುಟ್ಟಿಲ್ಲ, ನಾಲ್ಕು ದಿನದಲ್ಲಿ ಏನ್ ಮುಟ್ತಾರೆ?”

ಹೇಳಿದರೆ ಯಾಕೆಂದು ಹೇಳಬೇಕಾಗುತ್ತದೆ. ಹೆಂಡತಿಯೊಂದಿಗೇ ಆಡದ ಮಾತನ್ನು ಕಂಡು ಕೇಳರಿಯದವನೊಂದಿಗೆ ಆಡುತ್ತಾನೆಯೇ? ನಾನಾದರೂ ಫೋನ್ ಮಾಡಬಹುದಿತ್ತು. ಪರರ ಮನೆಯ ವಿಷಯ ಎಂದು ಸುಮ್ಮನಾದೆ. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ನನ್ನದು, ಅವತ್ತೇ ಅದಕ್ಕೆ ಮರ್ಯಾದೆ ನೆನಪಾಯಿತು.

ಶನಿವಾರ ನಾನೇ ಕಾರು ಓಡಿಸಿದೆ. ಎಲ್ರಾಯ್ ತೊಡೆಯ ಮೇಲೆ ಟಾರ್ಚು, ಭೂತಗನ್ನಡಿ, ಮೆತ್ತನೆಯ ಬಟ್ಟೆ ಇಟ್ಟುಕೊಂಡಿದ್ದ. ಕ್ಷೌರ ಮಾಡಿಸಿಕೊಂಡು ಬಂದಿದ್ದ. ಅದನ್ನು ನೋಡಿ ನನಗೆ ಭಯವಾಯಿತು.

ಲೈಲ್‌ಗೆ ಐವತ್ತು ದಾಟಿತ್ತು, ಒಳ್ಳೆಯ ಮನುಷ್ಯ. ಗಾಡಿಯನ್ನು ಕೊಟ್ಟಿಗೆಯಿಂದ ಹೊರಗೆ ತಂದು ಬಿಸಿಲಲ್ಲಿ ನಿಲ್ಲಿಸಿದ್ದ. ಅದು ಹೊಳೆಯುತ್ತಿತ್ತು. ಎಲ್ರಾಯ್ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತ.

“ನೀವೇ ಬರ್ತಿದೀರ ಅಂದ್ಮೇಲೆ ಕೊಳೆ ಗಾಡಿ ತೋರ್ಸೋಕಾಗತ್ತಾ ಮಿಸ್ಟರ್ ಸ್ಟೂಬ್ಸ್?” ಎಂದ ಲೈಲ್. ಜೇಬಿನಿಂದ ಮಡಿಚಿ ಮಡಿಚಿ ಹರಿದ ಹಾಳೆ ತೆಗೆದ. “ನಮ್ಮಪ್ಪ ನಿಮ್ಮ ಕೈಯಿಂದ್ಲೇ ಈಸ್ಕೊಂಡಿದ್ದು. ಒಂದ್ನೇ ನಿಯಮ ನೋಡಿ, ಚಾಚೂ ತಪ್ಪಿಲ್ಲ.” ಸೀಟು ಎತ್ತಿ ತೋರಿಸಿದ. ತಗಡು ಹೊಳೆಯುತ್ತಿತ್ತು, ನಂಬರ್ ಸ್ಪಷ್ಟವಾಗಿತ್ತು. “ಜಿಡ್ಡಿನ ಕೆಳಗೆ ಏನೋ ಹಳದಿ ಇತ್ತು. ಅದು ಹೋಗೋಕೆ ಎರಡು ಸಲ ಸೀಮೆಎಣ್ಣೆ ಬೇಕಾಯ್ತು.”

“ಏನ್ ಬರ್ದಿತ್ತು?” ಎಂದೆ ನಾನು.

“ನೋಡ್ಲಿಲ್ಲಮ್ಮ. ಅಂಗಡಿಯವ್ರ ರೇಟ್ ಇರ್ಬೇಕು.”

ಎಲ್ರಾಯ್ ಹತ್ತಿರ ಹೋದ. ತಗಡಿನ ಮೇಲೆ, ಹದಿನಾಲ್ಕರ ಮೇಲೆ ಬೆರಳಿಟ್ಟ. ಬೆರಳು ಪಕ್ಕದ ಖಾಲಿ ಜಾಗಕ್ಕೆ ಜರುಗಿ ಅಲ್ಲೇ ನಿಂತಿತು.

“ಚೆನ್ನಾಗ್ ಉಜ್ಜಿದೀಯಪ್ಪ” ಎಂದ. “ನಾನೂ ಇಷ್ಟು ನೀಟಾಗಿ ಮಾಡ್ತಿರ್ಲಿಲ್ಲ.”

ಆಮೇಲೆ ಒಂದು ಗಂಟೆ ಅಂಗಳದಲ್ಲಿ ಮಂಡಿಯೂರಿ ಬೆಲ್ಟ್ ಬಿಗಿಮಾಡಿದ, ಎಣ್ಣೆ ಯಾವುದು ಹಾಕಬೇಕೆಂದು ಹೇಳಿದ, ಬ್ಲೇಡಿನ ಅಂಚು ತೋರಿಸಿದ. ಲೈಲನ ಹೆಂಡತಿ ಬಿಸಿ ಕಾಫಿ, ನಿಂಬೆಹಣ್ಣಿನ ಕೇಕಿನ ತುಂಡು ತಂದಳು. ಎರಡು ತುಂಡು ತಿಂದು, ಬಹಳ ರುಚಿಯಾಗಿದೆ ಎಂದ. ನನಗೆ ಅವನನ್ನು ಹಿಡಿದು ಅಲುಗಾಡಿಸಿ, ಅಳೋ ಮಹರಾಯ ಎನ್ನಬೇಕೆನಿಸಿತು.

ವಾಪಸು ಬರುವಾಗ ಅರ್ಧ ದಾರಿಯವರೆಗೂ ಎಲ್ರಾಯ್ ತೊಡೆಯ ಮೇಲಿನ ಬಟ್ಟೆಯನ್ನು ಮಡಿಚುತ್ತಿದ್ದ, ಬಿಚ್ಚುತ್ತಿದ್ದ.

“ಆರ್ಡಿಸ್, ಯಾವ್ದಾದ್ರೂ ಒಂದ್ ಹೆಸ್ರು ಹೇಳು.”

“ಅದು ಸುಳ್ಳಾಗತ್ತೆ ಎಲ್ರಾಯ್.”

“ಗೊತ್ತು. ಹೇಳು.”

ನಾನು ಬಾಯಿ ತೆರೆದೆ. ಗೊತ್ತಿದ್ದ ಹೆಣ್ಣುಮಕ್ಕಳ ಹೆಸರೆಲ್ಲ ತಲೆಯಲ್ಲಿ ಸಾಲಾಗಿ ಬಂದವು, ಒಂದಾದರೂ ಅವಳದಾಗಿರಲಿಲ್ಲ. ಅವನು ಕಾಯುತ್ತಿದ್ದ. ಮನೆ ಬರುವವರೆಗೂ ಕಾದ, ಆಮೇಲೆ ಟಾರ್ಚು ಎತ್ತಿಕೊಂಡು ಇಳಿದುಹೋದ.